ನಾರು ಮತ್ತು ಅಕ್ಕಿ: ಮಂಗಳೂರು ಆಳಿದ ಅಮಿನ್‌ದಿವಿ ದ್ವೀಪಗಳು

ಧರ್ಮಸಭೆಯ ಚರಿತ್ರೆಯ ಪಾಠ 1784ನೆಯ ಇಸವಿಗೆ ಬಂದು ಮುಟ್ಟಿದಾಗ ನಾವು ಗುರುವಿದ್ಯಾರ್ಥಿಗಳನ್ನು ಹಂಪನಕಟ್ಟೆಗೆ ಕರೆದುಕೊಂಡು ಹೋಗುವುದು ರೂಢಿ. ಅಪ್ಪಣ್ಣನೆಂಬಾತ ದಾರಿಹೋಕರಿಗೆ ನೀರು ಕೊಡುತ್ತಿದ್ದ ಮರದ ಕಟ್ಟೆಯಿಂದ ಈ ಜಾಗಕ್ಕೆ ಹೆಸರು ಬಂತೆಂದು ಐತಿಹ್ಯ. ಇಂದು ಅಲ್ಲಿ ಕಟ್ಟೆಯೂ ಇಲ್ಲ, ನಿಂತು ನೀರು ಕುಡಿಯುವ ವ್ಯವಧಾನವೂ ಯಾರಿಗೂ ಇಲ್ಲ. ಆದರೆ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರು 1680ರಲ್ಲಿ ಸ್ಥಾಪಿಸಿದ ಮಿಲಾಗ್ರಿಸ್ ದೇವಾಲಯ ಇದೆ. ಟಿಪ್ಪು ಸುಲ್ತಾನನ ಕಾಲದಲ್ಲಿ, 1784ರಲ್ಲಿ, ಅದು ನೆಲಸಮವಾಯಿತು. ಅನಂತರ ಮತ್ತೆ ಎದ್ದು ನಿಂತಿತು. ಅದರ ಅಂಗಳದಲ್ಲಿ ನಿಂತು ಶ್ರೀರಂಗಪಟ್ಟಣದ ಸೆರೆಯ ಕಥೆಯನ್ನು ಹೇಳಿದರೆ ಅದಕ್ಕೆ ಬೇರೆಯೇ ತೂಕ ಬರುತ್ತದೆ.

ಪಾಠ ಮುಗಿದ ಮೇಲೆ ಗಡಿಯಾರ ಗೋಪುರವಿದ್ದ ವೃತ್ತವನ್ನು ದಾಟಿ ಬಂದರಿನ ಕಡೆಗೆ ಇಳಿಯುತ್ತೇವೆ. ಫಲ್ಗುಣಿ ನದಿಯ ದಂಡೆಯ ಹಳೆಯ ದಕ್ಕೆಯಲ್ಲಿ ಮಂಜಿಗಳು ಸಾಲಾಗಿ ನಿಂತಿರುತ್ತವೆ. ಸಿಮೆಂಟು, ಜಲ್ಲಿ, ಈರುಳ್ಳಿ, ಅಕ್ಕಿ, ಕಬ್ಬಿಣದ ಸಲಾಕೆ, ಇವೆಲ್ಲ ಅವುಗಳ ಹೊಟ್ಟೆಗೆ ಇಳಿಯುತ್ತಿರುತ್ತವೆ. ಎಲ್ಲಿಗೆ ಹೋಗುತ್ತವೆಂದು ಕೇಳಿದರೆ ಕೂಲಿಯಾಳುಗಳು ಪಶ್ಚಿಮಕ್ಕೆ ಕೈಮಾಡಿ ‘ದ್ವೀಪಕ್ಕೆ’ ಎನ್ನುತ್ತಾರೆ. ಒಂದು ವರ್ಷ ಒಬ್ಬ ವಿದ್ಯಾರ್ಥಿ ನಮ್ಮನ್ನು ಕೇಳಿದ: ‘ಫಾದರ್, ಆ ದ್ವೀಪಗಳಿಗೂ ನಮಗೂ ಏನಾದರೂ ಸಂಬಂಧವಿತ್ತೆ?’ ಅಂದು ದಕ್ಕೆಯ ಗದ್ದಲದಲ್ಲಿ ಎರಡು ಮಾತಿನ ಉತ್ತರ ಕೊಟ್ಟು ಸುಮ್ಮನಾದೆವು. ಈ ಲೇಖನ ಆ ಪ್ರಶ್ನೆಗೆ ಕೊಡಬೇಕಾಗಿದ್ದ ಉತ್ತರ.

ಸಂಬಂಧವಿತ್ತು, ಅದೂ ಸಣ್ಣದಲ್ಲ. ಇಂದು ಲಕ್ಷದ್ವೀಪವೆಂದು ಕರೆಯುವ ದ್ವೀಪಸಮೂಹದ ಉತ್ತರ ಭಾಗಕ್ಕೆ ಅಮಿನ್‌ದಿವಿ ಎಂದು ಹೆಸರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ದ್ವೀಪಗಳು ಅದರಲ್ಲಿ ಸೇರಿವೆ. 1799ರಿಂದ 1956ರವರೆಗೆ, ಅಂದರೆ 157 ವರ್ಷ ಕಾಲ, ಇವುಗಳನ್ನು ಆಳಿದ್ದು ಮಂಗಳೂರಿನ ಕಲೆಕ್ಟರ ಕಚೇರಿ. ದಕ್ಷಿಣ ಕನ್ನಡ ಜಿಲ್ಲೆಯ ಚರಿತ್ರೆಯನ್ನು ಬರೆಯುವವರು ಘಟ್ಟದಿಂದ ಕಡಲಿನವರೆಗೆ ಬರೆದು ಕೈ ತೊಳೆದುಕೊಳ್ಳುತ್ತಾರೆ. ಜಿಲ್ಲೆ ಅಲ್ಲಿಗೆ ಮುಗಿಯುತ್ತಿರಲಿಲ್ಲ, ಕಡಲಿನಾಚೆಗೂ ಇತ್ತು.

ಭೂಪಟವನ್ನು ನೋಡಿದರೆ ಇದು ಅಸಹಜವೆನಿಸುವುದಿಲ್ಲ. ಅಮಿನಿ ಮಂಗಳೂರಿನಿಂದ ನೈಋತ್ಯಕ್ಕೆ ಸುಮಾರು 300 ಕಿಲೋಮೀಟರು ದೂರದಲ್ಲಿದೆ. ಚೆತ್ಲತ್ ಇನ್ನೂ ಹತ್ತಿರ. ಕೋಝಿಕ್ಕೋಡಿನಿಂದ ಹೋಗುವುದಕ್ಕಿಂತ ಇಲ್ಲಿಂದ ಹೋಗುವ ದಾರಿಯೇ ಚಿಕ್ಕದು. ಇವೆಲ್ಲ ಹವಳದ ದ್ವೀಪಗಳು. ಬೆಟ್ಟವಿಲ್ಲ, ಹೊಳೆಯಿಲ್ಲ, ಸಮುದ್ರಮಟ್ಟದಿಂದ ಕೆಲವೇ ಅಡಿ ಎತ್ತರದ ಮರಳು ನೆಲ. ಅಮಿನಿಯ ವಿಸ್ತೀರ್ಣ ಮೂರು ಚದರ ಕಿಲೋಮೀಟರಿಗೂ ಕಡಿಮೆ. ಬಿತ್ರ ಒಂದು ಚದರ ಕಿಲೋಮೀಟರಿನ ಹತ್ತನೆಯ ಒಂದು ಪಾಲು. 2011ರ ಜನಗಣತಿಯಲ್ಲಿ ಬಿತ್ರದಲ್ಲಿ 271 ಜನರಿದ್ದರು, ನಮ್ಮ ಅನೇಕ ಧರ್ಮಕೇಂದ್ರಗಳ ಒಂದು ವಾಳೆಯಲ್ಲಿರುವಷ್ಟು. ಅದೇ ಜನಗಣತಿಯಲ್ಲಿ ಇಡೀ ಲಕ್ಷದ್ವೀಪದ ಜನಸಂಖ್ಯೆ 64,473, ಒಟ್ಟು ನೆಲ 32 ಚದರ ಕಿಲೋಮೀಟರು.

ಕುಡಿಯುವ ನೀರಿನ ವಿಚಾರವನ್ನು ಇಲ್ಲಿ ಹೇಳಲೇಬೇಕು. ಮಳೆಯ ಸಿಹಿನೀರು ಹವಳದ ಮರಳಿನೊಳಗೆ ಇಳಿದು ಉಪ್ಪುನೀರಿನ ಮೇಲೆ ತೆಳ್ಳನೆಯ ಪದರವಾಗಿ ತೇಲುತ್ತದೆ. ಬಾವಿಯ ನೀರು ಸಮುದ್ರದ ಭರತ ಇಳಿತಗಳೊಡನೆ ಏರಿಳಿಯುತ್ತದೆ. ಹೆಚ್ಚು ಎತ್ತಿದರೆ ಉಪ್ಪಾಗುತ್ತದೆ. ಇಂಥ ನೆಲದಲ್ಲಿ ಭತ್ತ ಬೆಳೆಯುವಂತಿಲ್ಲ, ತೆಂಗು ಮಾತ್ರ ಬೆಳೆಯುತ್ತದೆ. ಆ ತೆಂಗಿಗೂ ಇಲಿಗಳ ಕಾಟ. ಊರ ಗಂಡಸರೆಲ್ಲ ಸೇರಿ ತೋಟದಲ್ಲಿ ಇಲಿಬೇಟೆಯಾಡುವುದು ಅಲ್ಲಿ ವಿನೋದವಾಗಿರಲಿಲ್ಲ, ಸಾರ್ವಜನಿಕ ಕರ್ತವ್ಯವಾಗಿತ್ತು. ಅನ್ನ ಬೇಕೆಂದರೆ ಕಡಲು ದಾಟಬೇಕು, ಕಡಲು ದಾಟಲು ಕೈಯಲ್ಲಿ ಮಾರುವ ವಸ್ತು ಬೇಕು. ಮಾರುವ ವಸ್ತು ಒಂದೇ, ತೆಂಗಿನ ನಾರು. ಮುಂದಿನ ಚರಿತ್ರೆಯೆಲ್ಲ ಈ ನಾರಿನ ಸುತ್ತಲೇ ಸುತ್ತಿಕೊಂಡಿದೆ. ಹನ್ನೊಂದನೆಯ ಶತಮಾನದಲ್ಲೇ ಅಲ್‌ಬಿರೂನಿ ಈ ಕಡಲಿನ ದ್ವೀಪಗಳನ್ನು ಕವಡೆಯ ದ್ವೀಪಗಳು, ನಾರುಹಗ್ಗದ ದ್ವೀಪಗಳು ಎಂದು ಎರಡಾಗಿ ವಿಂಗಡಿಸಿದ್ದ. ಕವಡೆಯವು ಮಾಲ್ದೀವ್, ಹಗ್ಗದವು ಇವು.

ಜನರು ಬಹುತೇಕ ಎಲ್ಲರೂ ಮುಸಲ್ಮಾನರು. ಆಡುವುದು ಮಲಯಾಳಕ್ಕೆ ಸೇರಿದ ಜೆಸರಿ ಎಂಬ ನುಡಿ. ನಮ್ಮ ಬಂದರಿನ ಬ್ಯಾರಿಗಳಿಗೆ ಅದು ಪೂರ್ತಿ ಹೊರಗಿನದೆನಿಸದು. ಅವರಲ್ಲಿ ಮೂರು ವರ್ಗಗಳು: ನೆಲ ಮತ್ತು ಓಡಗಳ ಒಡೆಯರಾದ ಕೋಯರು, ಓಡ ನಡೆಸುವ ಮಾಲ್ಮಿಗಳು, ಮರ ಹತ್ತಿ ಕಾಯಿ ಕೀಳುವ, ನೀರಾ ಇಳಿಸುವ ಮೇಲಾಚ್ಚೇರಿಗಳು. ಎಲ್ಲರೂ ಒಂದೇ ಮಸೀದಿಯಲ್ಲಿ ನಮಾಜು ಮಾಡುವವರಾದರೂ ಮೇಲಾಚ್ಚೇರಿಗಳ ಮೇಲೆ ಕಟ್ಟುಕಟ್ಟಳೆಗಳು ಬಹುಕಾಲ ಇದ್ದವು. ಇದನ್ನು ಓದಿ ನಾವು ಹುಬ್ಬೇರಿಸುವಂತಿಲ್ಲ. ಕೊಂಕಣಿ ಕ್ರೈಸ್ತರಾದ ನಮ್ಮಲ್ಲಿಯೂ ಬಾಮಣ, ಚಾರೊಡಿ, ಶುದಿರ್ ಎಂಬ ಮಾತುಗಳು ಮದುವೆಯ ಕಾಲಕ್ಕೆ ಇನ್ನೂ ಜೀವ ತಳೆಯುತ್ತವೆ.

ತುಳುನಾಡಿನವರಿಗೆ ಹೆಚ್ಚು ಪರಿಚಿತವೆನಿಸುವುದು ಅವರ ಆಸ್ತಿಯ ಕಟ್ಟು. ತರವಾಡಿನ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತದೆ, ನಮ್ಮ ಅಳಿಯಸಂತಾನದ ಹಾಗೆ. ಅದನ್ನು ಅವರು ‘ಶುಕ್ರವಾರದ ಸೊತ್ತು’ ಎನ್ನುತ್ತಾರೆ. ಒಬ್ಬ ತಾನೇ ದುಡಿದು ಗಳಿಸಿದ್ದು ‘ಸೋಮವಾರದ ಸೊತ್ತು’; ಅದು ಇಸ್ಲಾಮಿನ ಶಾಸ್ತ್ರದಂತೆ ಮಕ್ಕಳಿಗೆ ಹೋಗಬಹುದು. ಧರ್ಮ ಬಂದು ಹಳೆಯ ಕಟ್ಟನ್ನು ಕಿತ್ತೊಗೆಯಲಿಲ್ಲ. ಎರಡೂ ವಾರದ ಬೇರೆ ಬೇರೆ ದಿನ ಹಂಚಿಕೊಂಡು ಬಾಳಿದವು. ಸಂಸ್ಕೃತ್ಯನ್ವಯದ ಬಗ್ಗೆ ಪುಟಗಟ್ಟಲೆ ಬರೆಯುವ ನಾವು ಇಂಥ ಉದಾಹರಣೆಯನ್ನು ಮನೆಯ ಪಕ್ಕದಲ್ಲೇ ಇಟ್ಟುಕೊಂಡು ಆಫ್ರಿಕೆಯ ಪುಸ್ತಕಗಳನ್ನು ಹುಡುಕುತ್ತೇವೆ.

ಕ್ರೈಸ್ತ ಹೆಸರು ಹೊತ್ತವರು ಈ ದ್ವೀಪಗಳಿಗೆ ಹೋಗಿರಲಿಲ್ಲವೆಂದಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಹೋದರು, ಸುವಾರ್ತೆಗಾಗಿ ಅಲ್ಲ. ಹಡಗು ಕಟ್ಟುವವರಿಗೆ ಹಗ್ಗ ಬೇಕು, ಹಗ್ಗಕ್ಕೆ ನಾರು ಬೇಕು. ಅವರು ಅಮಿನಿಯಲ್ಲಿ ನೆಲೆಯೂರಿದಾಗ ದ್ವೀಪದವರು ಹಾವಿನ ವಿಷವನ್ನು ಅವರ ಆಹಾರದಲ್ಲಿ ಬೆರೆಸಿ ಕೊಂದರೆಂದು ಐತಿಹ್ಯ. ಅಮಿನಿಯ ‘ಪಾಂಬು ಪಳ್ಳಿ’, ಅಂದರೆ ಹಾವಿನ ಮಸೀದಿ, ಆ ಕಥೆಯನ್ನು ಇಂದಿಗೂ ನೆನಪಿಸುತ್ತದೆ. ಐತಿಹ್ಯವನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಶಿಲುಬೆಯ ಗುರುತಿನ ಹಾಯಿಯನ್ನು ಕಂಡ ಒಂದು ಜನಾಂಗ ಆ ನೆನಪನ್ನು ಯಾವ ರೂಪದಲ್ಲಿ ಉಳಿಸಿಕೊಂಡಿತೆಂಬುದು ಮಿಷನ್ ಚರಿತ್ರೆಯ ವಿದ್ಯಾರ್ಥಿ ತಿಳಿದಿರಬೇಕಾದ ಸಂಗತಿ.

ಅನಂತರ ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಆ ಮನೆತನ ನಾರಿನ ಮೇಲೆ ಏಕಸ್ವಾಮ್ಯ ಹೇರಿತು. ನಾರನ್ನು ಅರಕ್ಕಲ್ ಗುಮಾಸ್ತರಿಗೇ ಕೊಡಬೇಕು, ಅವರು ಹೇಳಿದ ಬೆಲೆಗೇ ಕೊಡಬೇಕು. ಗುಮಾಸ್ತರ ಕಿರುಕುಳ ತಾಳಲಾರದೆ ಉತ್ತರದ ದ್ವೀಪಗಳ ಜನ ಎದ್ದರು. ಅವರ ಪ್ರತಿನಿಧಿಗಳು ಓಡ ಹತ್ತಿ ಟಿಪ್ಪು ಸುಲ್ತಾನನ ಬಳಿಗೆ ಹೋಗಿ, ತಮ್ಮನ್ನು ಅವನ ಆಳ್ವಿಕೆಗೆ ಸೇರಿಸಿಕೊಳ್ಳಬೇಕೆಂದು ಬೇಡಿಕೊಂಡರು. ಆಕರಗಳು ಇದಕ್ಕೆ 1783ರಿಂದ 1787ರವರೆಗೆ ಬೇರೆ ಬೇರೆ ವರ್ಷಗಳನ್ನು ಕೊಡುತ್ತವೆ. ಟಿಪ್ಪು ಒಪ್ಪಿದ; ಐದು ದ್ವೀಪಗಳು ಅರಕ್ಕಲ್‌ನಿಂದ ಬಿಡಿಸಿಕೊಂಡು ಅವನ ವಶದಲ್ಲಿದ್ದ ಮಂಗಳೂರಿಗೆ ಸೇರಿದವು.

ಈ ವರ್ಷಗಳನ್ನು ನೋಡಿದಾಗ ನಮ್ಮ ಓದುಗರ ಮನಸ್ಸು ಒಮ್ಮೆ ತಡೆಯುವುದು ಸಹಜ. 1784ರ ತಪಸ್ಸುಕಾಲದ ಆರಂಭದಲ್ಲಿ ಕೆನರಾದ ಕ್ರೈಸ್ತರನ್ನು ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದವನೂ ಇವನೇ. ಸೆರೆಯಾದವರ ಸಂಖ್ಯೆಯನ್ನು 30,000ದಿಂದ 80,000ದವರೆಗೆ ಬಗೆಬಗೆಯಾಗಿ ಅಂದಾಜು ಮಾಡಿದ್ದಾರೆ. ಕಡಿಮೆಯ ಅಂಕಿಯನ್ನೇ ಹಿಡಿದರೂ ಅದು ಒಂದು ಸಮುದಾಯದ ಬೆನ್ನುಮೂಳೆ ಮುರಿದ ಘಟನೆ. ನಮ್ಮ ಅಜ್ಜಿಯರ ಬಾಯಲ್ಲಿ ಟಿಪ್ಪುವಿನ ಹೆಸರು ಬಂದ ರೀತಿ ನಮಗೆ ಗೊತ್ತಿದೆ. ಅದೇ ದಶಕದಲ್ಲಿ, ಅದೇ ಕಡಲಿನ ಇನ್ನೊಂದು ಬದಿಯಲ್ಲಿ, ಹಸಿವಿನಿಂದ ಮತ್ತು ಗುಮಾಸ್ತರಿಂದ ಬಿಡುಗಡೆಗಾಗಿ ಜನ ಓಡಿಬಂದದ್ದು ಅವನ ಬಳಿಗೆ.

ಈ ಎರಡನ್ನು ತಕ್ಕಡಿಯಲ್ಲಿಟ್ಟು ತೂಗುವ ಚಪಲ ಎರಡೂ ಕಡೆಯವರಿಗಿದೆ. ದ್ವೀಪದವರ ಸಂಗತಿಯನ್ನು ಹೇಳಿ ಸೆರೆಯನ್ನು ಹಗುರ ಮಾಡುವವರಿದ್ದಾರೆ. ಸೆರೆಯ ಸಂಗತಿಯನ್ನು ಹೇಳಿ ದ್ವೀಪದವರ ಬಾಯಿ ಮುಚ್ಚಿಸುವವರಿದ್ದಾರೆ. ಹೀಗೆ ತೂಗುವುದು ಚರಿತ್ರಕಾರನ ಕೆಲಸವಲ್ಲವೆಂದು ನಮ್ಮ ಅಭಿಪ್ರಾಯ. ಕೆನರಾದ ಕ್ರೈಸ್ತರು ಬ್ರಿಟಿಷರೊಂದಿಗೆ ಸೇರಿದರೆಂಬ ಶಂಕೆಯಿಂದ ದೊರೆಯೊಬ್ಬ ಒಂದು ಸಮುದಾಯಕ್ಕೇ ಶಿಕ್ಷೆ ವಿಧಿಸಿದ. ಬಂದರುಗಳ ಮೇಲೆ, ಕಡಲ ದಾರಿಯ ಮೇಲೆ ಹಿಡಿತ ಬೇಕಾಗಿದ್ದ ಅದೇ ದೊರೆ ದ್ವೀಪಗಳನ್ನು ಸಂತೋಷದಿಂದ ಸ್ವೀಕರಿಸಿದ. ಎರಡರಲ್ಲಿಯೂ ರಾಜ್ಯದ ಲೆಕ್ಕಾಚಾರವಿತ್ತು. ಶಿಕ್ಷೆ ಅನುಭವಿಸಿದವರಿಗೂ ಆಸರೆ ಪಡೆದವರಿಗೂ ಆ ಲೆಕ್ಕಾಚಾರ ಮುಖ್ಯವಾಗಿರಲಿಲ್ಲ. ತಮ್ಮ ಮೇಲೆ ಬಿದ್ದ ಕೈಯ ನೆನಪು ಮಾತ್ರ ಉಳಿಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ನಮ್ಮವರು ಸೆರೆಯಿಂದ ಮರಳಿದರು. ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು, ಅದರೊಡನೆ ಅಮಿನ್‌ದಿವಿಯೂ. ಅರಕ್ಕಲ್ ಬೀಬಿ ತನ್ನ ದ್ವೀಪಗಳನ್ನು ಹಿಂದಿರುಗಿಸಬೇಕೆಂದು ಕೇಳಿದಳು. ಕಂಪನಿ ಹಿಂದಿರುಗಿಸಲಿಲ್ಲ, ಬದಲಿಗೆ ಅವಳು ಕೊಡಬೇಕಾಗಿದ್ದ ಕಪ್ಪದಲ್ಲಿ ವರ್ಷಕ್ಕೆ 5,250 ರೂಪಾಯಿ ಕಡಿತ ಮಾಡಿತು. ಐದು ದ್ವೀಪಗಳ ಮತ್ತು ಅವುಗಳ ಜನರ ವಾರ್ಷಿಕ ಬೆಲೆ ಸರಕಾರದ ಕಡತದಲ್ಲಿ ಅಷ್ಟೆಂದು ನಿಗದಿಯಾಯಿತು.

ಯಾವ ಏಕಸ್ವಾಮ್ಯವನ್ನು ತಪ್ಪಿಸಿಕೊಳ್ಳಲು ದ್ವೀಪದವರು ಒಡೆಯನನ್ನೇ ಬದಲಾಯಿಸಿದರೋ ಅದು ಕಂಪನಿಯ ಕೈಯಲ್ಲಿ ಮತ್ತಷ್ಟು ವ್ಯವಸ್ಥಿತವಾಗಿ ಮುಂದುವರಿಯಿತು. ಅದರ ನಡೆ ಹೀಗಿತ್ತು. ತೆಂಗಿನ ಸಿಪ್ಪೆಯನ್ನು ಕಡಲಂಚಿನ ಗುಂಡಿಗಳಲ್ಲಿ ಹಲವು ತಿಂಗಳು ಕೊಳೆಯಿಸಬೇಕು. ಆಮೇಲೆ ಹೆಂಗಸರು ಅದನ್ನು ಕೊಡತಿಯಿಂದ ಬಡಿದು, ತೊಳೆದು, ಒಣಗಿಸಿ, ಅಂಗೈಯಲ್ಲಿ ಹೊಸೆದು ಹುರಿ ಮಾಡಬೇಕು. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ಹುರಿಯ ಕಟ್ಟುಗಳು ಓಡಗಳಲ್ಲಿ ಮಂಗಳೂರಿಗೆ ಬರುತ್ತವೆ. ಇಲ್ಲಿ ಸರಕಾರದ ಉಗ್ರಾಣದಲ್ಲಿ ತೂಗಿ, ಗುಣ ನೋಡಿ, ದರ ಕಟ್ಟುತ್ತಾರೆ. ದರ ಕಟ್ಟುವವನೂ ಸರಕಾರ, ಕೊಳ್ಳುವವನೂ ಸರಕಾರ. ಬೇರೆ ಯಾರಿಗೂ ಮಾರುವಂತಿಲ್ಲ. ಹಣದ ಬದಲು ಬಹುಪಾಲು ಅಕ್ಕಿಯನ್ನೇ ಅಳೆದು ಕೊಡುತ್ತಾರೆ. ಆ ಅಕ್ಕಿಗೂ ದರ ಸರಕಾರದ್ದೇ. ಅನಂತರ ಸರಕಾರ ಆ ನಾರನ್ನು ಮಂಗಳೂರಿನ ವರ್ತಕರಿಗೆ ಮಾರುತ್ತದೆ. ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರವೇ ದ್ವೀಪಗಳಿಂದ ಬರುವ ಕಂದಾಯ. ಭೂಕಂದಾಯ ಬೇರೆ ಇಲ್ಲವೆಂದು ಅಧಿಕಾರಿಗಳು ಇದನ್ನು ದಯೆಯೆಂದೇ ಬಗೆದರು.

ಎರಡು ದರಗಳ ನಡುವೆ ಒಂದು ಊರಿನ ಹೊಟ್ಟೆ ಸಿಕ್ಕಿಕೊಂಡಿದ್ದರೆ ಅಲ್ಲಿ ಚಾವಟಿ ಬೇಕಾಗುವುದಿಲ್ಲ. ಹುರಿ ಹೊಸೆದ ಹೆಂಗಸಿನ ಕೂಲಿಯನ್ನು ಆಕೆ ಎಂದೂ ಕಾಣದ ಪಟ್ಟಣದ ಗುಮಾಸ್ತ ನಿರ್ಧರಿಸುತ್ತಿದ್ದ. ದಕ್ಷಿಣ ಕನ್ನಡ ಜಿಲ್ಲೆಯ ಬಗ್ಗೆ ಸ್ಟರಾಕ್ ಮತ್ತು ಸ್ಟುವರ್ಟ್ ಎಂಬ ಅಧಿಕಾರಿಗಳು ಸಂಪಾದಿಸಿದ ಕೈಪಿಡಿ ಹೊರಬಂದದ್ದು 1894–95ರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆ, 1891ರಲ್ಲಿ, ಪೋಪ್ 13ನೆಯ ಲಿಯೋ ಅವರು ‘ರೇರುಮ್ ನೊವಾರುಮ್’ ಪತ್ರದಲ್ಲಿ ಕೂಲಿಯೆಂಬುದು ಕೇವಲ ಒಪ್ಪಂದದ ಮಾತಲ್ಲ, ದುಡಿಯುವವನ ಜೀವನಕ್ಕೆ ಸಾಲುವಷ್ಟಿರಬೇಕೆಂಬ ತತ್ವವನ್ನು ವಿವರಿಸಿದ್ದರು. ಆ ಪತ್ರವನ್ನು ಪಾಠ ಮಾಡುವಾಗ ನಾವು ಯೂರೋಪಿನ ಗಿರಣಿಗಳನ್ನೇ ಚಿತ್ರಿಸಿಕೊಳ್ಳುತ್ತೇವೆ. ನಮ್ಮ ಬಂದರಿನ ಉಗ್ರಾಣವೊಂದು ಅದೇ ಹೊತ್ತಿನಲ್ಲಿ ಅದೇ ಪ್ರಶ್ನೆಯ ಮೇಲೆ ಬೀಗ ಹಾಕಿಕೊಂಡು ಕುಳಿತಿತ್ತು. ಬಂದರಿನಲ್ಲಿ ವ್ಯಾಪಾರವಿದ್ದ ನಮ್ಮ ಸಮುದಾಯದವರೂ ಆ ನಾರಿನ ಹಗ್ಗವನ್ನು ಬಳಸದೆ ಇರಲಿಲ್ಲ.

ಆಡಳಿತ ತೀರ ಸಣ್ಣದು. ಅಮಿನಿಯಲ್ಲಿ ಮಣೆಗಾರನೆಂಬ ಅಧಿಕಾರಿ; ಸಣ್ಣಪುಟ್ಟ ವ್ಯಾಜ್ಯಗಳನ್ನು ತೀರಿಸುವುದು, ಊರಿನ ಮುಖ್ಯಸ್ಥರನ್ನು ಕರೆಸಿ ಕೇಳುವುದು ಅವನ ಹೊಣೆ. ಉಳಿದ ದ್ವೀಪಗಳಲ್ಲಿ ಲೆಕ್ಕ ಬರೆಯಲು ಕಾರಣಿ. ಮಂಗಳೂರಿನಿಂದ ಮೇಲಧಿಕಾರಿ ಬರುವುದು ಕಡಲು ಶಾಂತವಾಗಿರುವ ತಿಂಗಳುಗಳಲ್ಲಿ, ಅದೂ ಬಂದರೆ. ಮಳೆಗಾಲದ ನಾಲ್ಕು ತಿಂಗಳು ದ್ವೀಪಕ್ಕೂ ಜಿಲ್ಲೆಗೂ ನಡುವೆ ಯಾವ ಸುದ್ದಿಯೂ ಇಲ್ಲ. 1847ರ ಏಪ್ರಿಲ್‌ನಲ್ಲಿ ಭೀಕರ ಚಂಡಮಾರುತ ಎದ್ದು ಮಲಬಾರಿಗೆ ಸೇರಿದ ಕಲ್ಪೇನಿ, ಆಂದ್ರೋತ್ ದ್ವೀಪಗಳನ್ನೂ ನಮ್ಮ ಜಿಲ್ಲೆಯ ಕಿಲ್ತಾನನ್ನೂ ಹಾಳುಗೆಡವಿತು. ತೆಂಗು ಬಿದ್ದರೆ ನಾರಿಲ್ಲ, ನಾರಿಲ್ಲದಿದ್ದರೆ ಅಕ್ಕಿಯಿಲ್ಲ. ಹೊಸ ಸಸಿ ಫಲ ಕೊಡಲು ವರ್ಷಗಳು ಬೇಕು. ಆ ಅನಾಹುತದ ಬಳಿಕ, 1848ರಲ್ಲಿ, ರಾಬಿನ್‌ಸನ್ ಎಂಬ ಅಧಿಕಾರಿ ಬರೆದ ವರದಿಯೇ ಈ ದ್ವೀಪಗಳ ಬಗ್ಗೆ ಕಂಪನಿ ಸರಕಾರ ಮೊದಲ ಬಾರಿಗೆ ಗಮನವಿಟ್ಟು ಬರೆಸಿದ ವಿವರಣೆಗಳಲ್ಲೊಂದು. ಚಂಡಮಾರುತ ಬಾರದಿದ್ದರೆ ಅಷ್ಟೂ ಗಮನ ಸಿಗುತ್ತಿರಲಿಲ್ಲವೇನೋ.

ಇನ್ನು 1956. ರಾಜ್ಯ ಪುನರ್ವಿಂಗಡಣಾ ಕಾಯಿದೆ ಹೊಸ ಮೈಸೂರು ರಾಜ್ಯಕ್ಕೆ ದಕ್ಷಿಣ ಕನ್ನಡ ಜಿಲ್ಲೆಯನ್ನು ಸೇರಿಸುವಾಗ ಎರಡು ಭಾಗಗಳನ್ನು ಹೊರಗಿಟ್ಟಿತು: ಒಂದು ಕಾಸರಗೋಡು ತಾಲೂಕು, ಇನ್ನೊಂದು ಅಮಿನ್‌ದಿವಿ ದ್ವೀಪಗಳು. ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಆ ವರ್ಷದ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಅಮಿನ್‌ದಿವಿಯು ಲಕ್ಕದಿವಿ, ಮಿನಿಕಾಯ್ ದ್ವೀಪಗಳೊಡನೆ ಸೇರಿ ಕೇಂದ್ರಾಡಳಿತ ಪ್ರದೇಶವಾಯಿತು. ಕಾಸರಗೋಡಿಗಾಗಿ ಕಯ್ಯಾರ ಕಿಞ್ಞಣ್ಣ ರೈ ಅವರಂಥವರು ಜೀವಮಾನವಿಡೀ ಹೋರಾಡಿದರು. ಆ ನೋವು ಕನ್ನಡ ಸಾಹಿತ್ಯದಲ್ಲಿ ಇಂದಿಗೂ ಹಸಿಯಾಗಿದೆ. ದ್ವೀಪಗಳಿಗಾಗಿ ಮಂಗಳೂರಿನಲ್ಲಿ ಯಾರೂ ಸಭೆ ಸೇರಿಸಲಿಲ್ಲ. ಭಾಷೆಯ ದೃಷ್ಟಿಯಿಂದ ಅದು ಅರ್ಥವಾಗುವ ಮಾತು. ಅಲ್ಲಿ ಕನ್ನಡವಿರಲಿಲ್ಲ, ದ್ವೀಪದವರು ನಮ್ಮೊಡನೆ ಇರಬೇಕೆಂದು ಬಯಸಿದರೆಂದು ನಾವು ಹೇಳುತ್ತಲೂ ಇಲ್ಲ. ಈ ಭಾಗವನ್ನು ತರಗತಿಯಲ್ಲಿ ಹೇಳಿದಾಗ ಕಾಸರಗೋಡಿನಿಂದ ಬಂದ ವಿದ್ಯಾರ್ಥಿಯೊಬ್ಬ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮ ತಾಲೂಕಿನ ಪಕ್ಕದಲ್ಲಿ ಆ ವಾಕ್ಯದಲ್ಲಿ ಇನ್ನೊಂದು ಹೆಸರು ಇತ್ತೆಂದು ನಮ್ಮೂರಲ್ಲಿ ಯಾರೂ ಹೇಳಿಲ್ಲ’ ಎಂದ. ಒಂದೂವರೆ ಶತಮಾನ ಅಕ್ಕಿ ಅಳೆದುಕೊಟ್ಟು ನಾರು ತೂಗಿಕೊಂಡ ಪಟ್ಟಣಕ್ಕೆ ಆ ಜನರ ನೆನಪು ಒಂದು ವಾಕ್ಯದಷ್ಟೂ ಉಳಿಯಲಿಲ್ಲ.

ದ್ವೀಪದವರನ್ನು ಕೇಳಿದವರಾದರೂ ಯಾರು? ಪೆಸಿಫಿಕ್ ಸಾಗರದ ಟೊಕೆಲಾವನ್ನು ಇಲ್ಲಿ ನೆನೆಯಬಹುದು. ಅಟಾಫು, ನುಕುನೊನು, ಫಕಾಒಫೊ ಎಂಬ ಮೂರು ಹವಳದ್ವೀಪಗಳು. ಎಲ್ಲ ಸೇರಿ ಸುಮಾರು ಹನ್ನೆರಡು ಚದರ ಕಿಲೋಮೀಟರು ನೆಲ, ಒಂದೂವರೆ ಸಾವಿರದಷ್ಟು ಜನ. ಅಲ್ಲಿಯೂ ತೆಂಗು, ಮೀನು, ವಿಮಾನವಿಲ್ಲದ ದಾರಿ. ಹಡಗು ಬರುವುದು ಸಮೋವದ ಅಪಿಯಾ ಬಂದರಿನಿಂದ. 1889ರಲ್ಲಿ ಬ್ರಿಟಿಷರ ರಕ್ಷಣೆಗೆ ಒಳಪಟ್ಟು, 1926ರಿಂದ ನ್ಯೂಜಿಲೆಂಡಿನ ಆಡಳಿತದಲ್ಲಿದೆ. ನುಕುನೊನು ಕಥೋಲಿಕರ ದ್ವೀಪ, ಅಟಾಫು ಪ್ರೊಟೆಸ್ಟಂಟರದು. ಮೂರೂ ದ್ವೀಪಗಳ ಮುಖ್ಯಸ್ಥರು ಸರದಿಯಂತೆ ವರ್ಷಕ್ಕೊಬ್ಬರು ಸರಕಾರದ ಮುಂದಾಳಾಗುತ್ತಾರೆ. 2006ರಲ್ಲಿ ಮತ್ತು 2007ರಲ್ಲಿ ವಿಶ್ವಸಂಸ್ಥೆಯ ಸಮ್ಮುಖದಲ್ಲಿ ಅವರನ್ನು ಕೇಳಲಾಯಿತು: ನ್ಯೂಜಿಲೆಂಡಿನೊಡನೆ ಸ್ನೇಹಬಂಧವಿಟ್ಟುಕೊಂಡು ಸ್ವಯಮಾಡಳಿತ ನಡೆಸುತ್ತೀರಾ? ಮೂರರಲ್ಲಿ ಎರಡು ಪಾಲು ಮತ ಬೇಕಾಗಿತ್ತು. ಮೊದಲ ಸಲ ಶೇಕಡಾ 60, ಎರಡನೆಯ ಸಲ ಶೇಕಡಾ 64ರ ಆಸುಪಾಸು ಬಂತು. ಹಾಗಾಗಿ ಇದ್ದಂತೆಯೇ ಇದ್ದಾರೆ. ಫಲಿತಾಂಶ ನಮಗೆ ಮುಖ್ಯವಲ್ಲ. ಒಂದು ಹಳ್ಳಿಯಷ್ಟು ಜನರನ್ನು ಎರಡೆರಡು ಬಾರಿ ಕೂರಿಸಿ ಕೇಳಿದರು. ಅಮಿನಿಯ ಜನ ಮಾತ್ರ ಪೋರ್ಚುಗೀಸರಿಂದ 1956ರವರೆಗೆ ಒಂದೇ ಒಂದು ಸಲ ತಮ್ಮ ಒಡೆಯನನ್ನು ತಾವೇ ಆರಿಸಿಕೊಂಡರು, ಟಿಪ್ಪುವಿನ ಬಳಿಗೆ ಓಡ ತಿರುಗಿಸಿದಾಗ.

ಯೆಶಾಯನ ಗ್ರಂಥದಲ್ಲಿ ಮತ್ತೆ ಮತ್ತೆ ಬರುವ ‘ಇಯ್ಯೀಮ್’ ಎಂಬ ಹೀಬ್ರೂ ಪದವನ್ನು ಕೆಲವರು ದ್ವೀಪಗಳೆಂದೂ ಕೆಲವರು ಕರಾವಳಿಗಳೆಂದೂ ಅನುವಾದಿಸುತ್ತಾರೆ. ಎರಡೂ ಅರ್ಥ ಅದಕ್ಕಿದೆ. ಕಡಲಿನ ಕಡೆಯಿಂದ ನೋಡುವವನಿಗೆ ನಮ್ಮ ಮಂಗಳೂರೂ ಒಂದು ‘ಇಯ್ಯೀಮ್’.

ಕೇಂದ್ರಾಡಳಿತ ಬಂದ ಮೇಲೂ ಕಚೇರಿ ಕೋಝಿಕ್ಕೋಡಿನಲ್ಲೇ ಇತ್ತು. 1964ರಲ್ಲಿ ಕವರತ್ತಿಗೆ ಹೋಯಿತು. 1973ರಲ್ಲಿ ಲಕ್ಷದ್ವೀಪವೆಂಬ ಹೆಸರು ಬಂತು. ನೈಲಾನ್ ಹಗ್ಗ ನಾರಿನ ಮಾರುಕಟ್ಟೆಯನ್ನು ತಿಂದಿತು. ಈಗ ಮೀನುಗಾರಿಕೆ, ಸರಕಾರಿ ನೌಕರಿ, ಪ್ರವಾಸೋದ್ಯಮಗಳೇ ಅಲ್ಲಿಯ ಜೀವನಾಧಾರ. ದ್ವೀಪದ ಮಕ್ಕಳು ಓದಲು ಬರುವ ಊರುಗಳಲ್ಲಿ ಮಂಗಳೂರೂ ಒಂದಾಗಿತ್ತು. ಆಂದ್ರೋತಿನ ಪಿ. ಎಂ. ಸಯೀದ್ ಅವರು ಓದಿದ್ದು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ, ಅಂದರೆ ನಾವು ವಿದ್ಯಾರ್ಥಿಗಳೊಡನೆ ನಿಲ್ಲುವ ಹಂಪನಕಟ್ಟೆಯಲ್ಲೇ. 1967ರಿಂದ ಸತತವಾಗಿ ಲೋಕಸಭೆಗೆ ಆರಿಸಿ ಬಂದ ಅವರು ಅದರ ಉಪಸಭಾಧ್ಯಕ್ಷರೂ ಆದರು.

2021ರಲ್ಲಿ ದ್ವೀಪಗಳ ಸರಕು ಸಾಗಣೆಯನ್ನು ಬೇಪೂರಿನಿಂದ ಮಂಗಳೂರಿಗೆ ತಿರುಗಿಸುವ ಮಾತು ಬಂದಾಗ ದ್ವೀಪದವರಲ್ಲಿ ಅನೇಕರು ವಿರೋಧಿಸಿದರು. ಇಲ್ಲಿಯ ವರ್ತಕರಲ್ಲಿ ಕೆಲವರಿಗೆ ಆಶ್ಚರ್ಯವಾಯಿತು: ದಾರಿ ಹತ್ತಿರ, ಸಾಮಾನು ಅಗ್ಗ, ಮತ್ತೇನು ಅಡ್ಡಿ? ಅವರ ನಂಟರೂ ನುಡಿಯೂ ಕೇರಳದಲ್ಲಿರುವುದು ಒಂದು ಕಾರಣ. ಯಾವ ಬಂದರಿಗೆ ಹೋಗಬೇಕೆಂಬುದನ್ನು ಮತ್ತೊಮ್ಮೆ ಬೇರೊಬ್ಬರು ನಿರ್ಧರಿಸುವುದು ಇನ್ನೊಂದು. 2024ರ ಮೇ ತಿಂಗಳಲ್ಲಿ ವೇಗದ ಪ್ರಯಾಣಿಕ ನೌಕೆಯೊಂದು ಸುಮಾರು ಏಳು ಗಂಟೆಗಳಲ್ಲಿ ದ್ವೀಪದಿಂದ ನಮ್ಮ ಹಳೆಯ ಬಂದರಿಗೆ ಬಂತು. ಪತ್ರಿಕೆಗಳು ಅದನ್ನು ಹೊಸ ಸಂಪರ್ಕವೆಂದು ಬರೆದವು.

ಮಂಜಿಗಳು ಮಾತ್ರ ಹಿಂದಿನಂತೆಯೇ ಮೇ ಮಧ್ಯದವರೆಗೆ ಹೋಗಿ ಬರುತ್ತವೆ. ಅನಂತರ ಕಡಲು ಏಳುತ್ತದೆ, ಅವು ಫಲ್ಗುಣಿಯ ದಂಡೆಯ ಕೆಸರಿಗೆ ಒರಗಿ ಮಳೆಗಾಲವನ್ನು ಕಳೆಯುತ್ತವೆ. ಈಗ ನಮ್ಮ ತರಗತಿಯ ನಡಿಗೆ ಮಿಲಾಗ್ರಿಸ್ ಅಂಗಳದಲ್ಲಿ ಮುಗಿಯುವುದಿಲ್ಲ. ದಕ್ಕೆಯಲ್ಲಿ ಅಕ್ಕಿಯ ಮೂಟೆಗಳು ಇಳಿಯುವುದನ್ನು ವಿದ್ಯಾರ್ಥಿಗಳು ಸ್ವಲ್ಪ ಹೊತ್ತು ನೋಡುತ್ತಾರೆ, ಆಮೇಲೆ ನಾವು ಜೆಪ್ಪಿನ ಬಸ್ಸು ಹಿಡಿಯುತ್ತೇವೆ.